ಬಿಪಿ ನೋಡುವ ಕೈ, ಮಾತು ಕೇಳುವ ಕಿವಿ

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಊರಿನ ಆರೋಗ್ಯ ಸ್ವಯಂಸೇವಕರಿಗೆ ತರಬೇತಿ ಅಂದ ಕೂಡಲೇ ನಮ್ಮಲ್ಲಿ ಒಂದು ಕ್ರಮ ಉಂಟು. ಪಂಚಾಯತ್ ಸಭಾಭವನದಲ್ಲಿ ಕುರ್ಚಿ ಹಾಕುತ್ತೇವೆ. ದೀಪ ಬೆಳಗುವುದು, ಸ್ವಾಗತ, ವೈದ್ಯರ ಭಾಷಣ, ಊಟ, ಕೊನೆಗೆ ಸರ್ಟಿಫಿಕೇಟ್. ಬಂದವರು ಮನೆಗೆ ಹೊರಡುವಾಗ ಬ್ಯಾಗಲ್ಲಿ ಒಂದು ಪುಸ್ತಕ ಇರುತ್ತದೆ. ಆದರೆ ಮರುದಿನ ಪಕ್ಕದ ಮನೆಗೆ ಹೋಗಿ ಏನು ಮಾಡಬೇಕು ಅನ್ನುವುದು ಗೊತ್ತಿರುವುದಿಲ್ಲ.

ಉಡುಪಿ ಆಸುಪಾಸಿನ ಹಳ್ಳಿಗಳಲ್ಲಿ ಇಂಥ ತರಬೇತಿ ನಡೆಸುತ್ತಾ ಬಂದವಳು ನಾನು. ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ. ಸ್ವಯಂಸೇವಕರಿಗೆ ಮಾಹಿತಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಕೆಲಸ ಕಲಿಸಿ. ಯುವಕರಿಗೆ ಬುದ್ಧಿಮಾತು ಸಾಕು, ಕೆಲಸ ಕೊಡಿ.

ಬಿಪಿ ನೋಡುವ ಕೆಲಸವನ್ನೇ ತೆಗೆದುಕೊಳ್ಳಿ. ಈಗ ಬ್ಯಾಟರಿ ಮೆಷಿನ್ ಬಂದಿದೆ. ಗುಂಡಿ ಒತ್ತಿದರೆ ನಂಬರ್ ಬರುತ್ತದೆ, ಕಲಿಯಲು ಏನುಂಟು ಅಂತ ಕೇಳುವವರಿದ್ದಾರೆ. ನಾನು ತರಬೇತಿಯಲ್ಲಿ ಮೊದಲು ಇಬ್ಬಿಬ್ಬರನ್ನು ಜೋಡಿ ಮಾಡುತ್ತೇನೆ. ಒಮ್ಮೆ ಕೈ ಕೆಳಗೆ ಇಳಿಬಿಟ್ಟು ಬಿಪಿ ನೋಡಿ ಅನ್ನುತ್ತೇನೆ. ಆಮೇಲೆ ಅದೇ ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಟ್ಟು ನೋಡಿ ಅನ್ನುತ್ತೇನೆ. ಕೈ ಕೆಳಗಿದ್ದಾಗ ನಂಬರ್ ಜಾಸ್ತಿ ಬರುತ್ತದೆ. ಅದೇ ಮನುಷ್ಯ, ಅದೇ ಮೆಷಿನ್. ಇದನ್ನು ಕಣ್ಣಾರೆ ಕಂಡ ಮೇಲೆ ಉಳಿದ ನಿಯಮಗಳನ್ನು ಯಾರೂ ಮರೆಯುವುದಿಲ್ಲ. ಬಂದವರನ್ನು ಐದು ನಿಮಿಷ ಸುಮ್ನೆ ಕೂರಿಸಬೇಕು. ಬೆನ್ನಿಗೆ ಆಧಾರ ಇರಬೇಕು. ಕಾಲ ಮೇಲೆ ಕಾಲು ಹಾಕಬಾರದು, ಪಾದ ನೆಲಕ್ಕೆ ತಾಗಬೇಕು. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತಬಾರದು. ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಆಗಿರಬಾರದು. ಮೂತ್ರಕ್ಕೆ ಹೋಗಬೇಕಿದ್ದರೆ ಹೋಗಿ ಬರಲಿ. ನೋಡುವಾಗ ಇಬ್ಬರೂ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಮೇಲಿನ ನಂಬರ್ 140 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ ಕೆಳಗಿನದ್ದು 90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೆದರಿಸದೆ ಆರೋಗ್ಯ ಉಪಕೇಂದ್ರಕ್ಕೆ ಕಳಿಸಬೇಕು. ಒಂದು ದಿನದ ನಂಬರ್ ನೋಡಿ ನಿಮಗೆ ಬಿಪಿ ಉಂಟು ಅಂತ ಹೇಳುವ ಅಧಿಕಾರ ಸ್ವಯಂಸೇವಕರಿಗೆ ಇಲ್ಲ. ಮಾತ್ರೆ ಹೇಳುವ ಅಧಿಕಾರವಂತೂ ಇಲ್ಲವೇ ಇಲ್ಲ.

ನಂಬರ್ ಬಂದ ಮೇಲೆ ನಿಜವಾದ ಕೆಲಸ ಶುರು. ಉಪ್ಪು ಕಡಿಮೆ ಮಾಡಿ ಅಂತ ಯಾರು ಬೇಕಾದರೂ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ, ಅಂದರೆ ಒಂದು ಟೀ ಚಮಚದೊಳಗೆ. ಆದರೆ ಅಡುಗೆಮನೆಯಲ್ಲಿ ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ಯಾರು ಅಳೆಯುತ್ತಾರೆ? ಹಾಗಾಗಿ ಉಪ್ಪಿನ ಸುದ್ದಿಯನ್ನೇ ಎತ್ತಬೇಡಿ, ಊಟದ ಸುದ್ದಿ ಕೇಳಿ ಅಂತ ನಮ್ಮವರಿಗೆ ಹೇಳುತ್ತೇನೆ. ‘ಅಮ್ಮಾ, ಬೆಳಿಗ್ಗೆ ಗಂಜಿಗೆ ನಂಜಿಕೊಳ್ಳಲು ಎಂತ ಉಂಟು?’ ಇಷ್ಟು ಕೇಳಿದರೆ ಸಾಕು. ಉಪ್ಪಿನಕಾಯಿ, ಒಣಮೀನು, ಹಪ್ಪಳ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಆಮೇಲೆ ‘ವಾರದಲ್ಲಿ ನಾಲ್ಕು ದಿನ ಹೆಸರುಕಾಳಿನ ಪಲ್ಯ ಮಾಡಿದರೆ ಹೇಗೆ?’ ಅಂತ ಕೇಳಬಹುದು. ಅದು ಅವರ ಮನೆಯಲ್ಲೇ ಇರುವ ಕಾಳು, ಅವರಿಗೆ ಗೊತ್ತಿರುವ ಅಡುಗೆ.

‘ಮಾತ್ರೆ ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡುವ ಹಾಗಿಲ್ಲವಂತೆ, ಹೌದಾ?’ ಈ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ಅದಕ್ಕೆ ನಕ್ಕುಬಿಟ್ಟರೆ ಆ ಮನೆಯ ಬಾಗಿಲು ಮುಚ್ಚಿದ ಹಾಗೆ. ಭಯ ಎಲ್ಲಿಂದ ಬಂತು ಅಂತ ಕೇಳಬೇಕು. ಮಾತ್ರೆ ಬಿಟ್ಟ ನೆಂಟರೊಬ್ಬರಿಗೆ ಪಾರ್ಶ್ವವಾಯು ಆದದ್ದು ಬಹಳ ಸಲ ಅಲ್ಲಿ ಗೊತ್ತಾಗುತ್ತದೆ. ಮಾತ್ರೆ ತಿಂದದ್ದರಿಂದ ಅಲ್ಲ, ನಿಲ್ಲಿಸಿದ್ದರಿಂದ ಹಾಗಾಗಿರಬಹುದು ಅನ್ನುವುದನ್ನು ಮೆಲ್ಲಗೆ ಹೇಳಲು ಆಗ ಜಾಗ ಸಿಗುತ್ತದೆ.

ಇನ್ನೊಂದು ಮಾತನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಸಂಬಂಧ. ಒಂದು ಮನೆಯಲ್ಲಿ ಕೇಳಿದ್ದು ಇನ್ನೊಂದು ಮನೆಗೆ ಹೋಗಲೇಬಾರದು. ಕ್ಷಯ, ಮುಟ್ಟಿನ ತೊಂದರೆ, ಕುಡಿತ, ಮನಸ್ಸಿನ ಕಾಯಿಲೆ, ಯಾವುದೇ ಇರಲಿ. ಒಂದೇ ಒಂದು ಸಲ ಸುದ್ದಿ ಸೋರಿದರೂ ಆ ಕೇರಿಯಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಸ್ವಯಂಸೇವಕರು ಆಶಾ ಕಾರ್ಯಕರ್ತೆಯರ ಜಾಗಕ್ಕೆ ಬರುವವರಲ್ಲ, ಅವರ ಜೊತೆ ನಿಲ್ಲುವವರು. ಆಶಾ ಯೋಜನೆ ಶುರುವಾದದ್ದು 2005ರಲ್ಲಿ. ಹಳ್ಳಿಯಲ್ಲಿ ಸುಮಾರು 1000 ಜನರಿಗೆ ಒಬ್ಬರು ಅನ್ನುವುದು ಲೆಕ್ಕ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಬಾಣಂತಿ, ಮಗು, ಲಸಿಕೆ, ಕ್ಷಯ ಎಲ್ಲ ಅವರ ಹೆಗಲಿಗೇ. ಅದರ ಮೇಲೆ 30 ದಾಟಿದವರ ಮನೆಗೆ ಹೋಗಿ ಫಾರ್ಮ್ ತುಂಬಬೇಕು, ಟೇಪ್ ಹಿಡಿದು ಸೊಂಟದ ಸುತ್ತಳತೆ ನೋಡಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಇಂಥ ಕೆಲಸಕ್ಕೆ ಊರಿನ ಇಬ್ಬರು ಕೈ ಜೋಡಿಸಿದರೂ ಅವರಿಗೆ ಎಷ್ಟು ಹಗುರವಾಗುತ್ತದೆ, ಅಲ್ವಾ?

ಊರಿನ ಕ್ಯಾಲೆಂಡರ್ ಗೊತ್ತಿರುವುದೂ ಊರಿನವರಿಗೇ. ಮಲ್ಪೆಯಲ್ಲಿ ಆಳಸಮುದ್ರದ ಬೋಟಿಗೆ ಹೋದವರು ದಿನಗಟ್ಟಲೆ ಮನೆಗೆ ಬರುವುದಿಲ್ಲ. ಅಲ್ಲಿ ಡಿಸೆಂಬರ್‌ನಲ್ಲಿ ಬಿಪಿ, ಶುಗರ್ ಶಿಬಿರ ಇಟ್ಟರೆ ಹೆಂಗಸರು ಬರುತ್ತಾರೆ, ಗಂಡಸರು ಕಡಲಲ್ಲಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಊರಿನ ಮೀನುಗಾರರು ಮನೆಯಲ್ಲಿ ಸಿಗುವ ಕಾಲ ಅದು. ಮಳೆಯ ನೆವ ಹೇಳದೆ ಆಗಲೇ ಶಿಬಿರ ಇಡಬೇಕು. ಬೋಟಿನಲ್ಲಿ ದುಡಿಯುವ ಹೊರ ರಾಜ್ಯದವರು ಮಾತ್ರ ಆಗ ಊರಿಗೆ ಹೋಗಿರುತ್ತಾರೆ. ಅವರಿಗಾಗಿ ರಜೆಗೆ ಮೊದಲೇ ಬಂದರಿನಲ್ಲೇ ಒಂದು ದಿನ ಮೇಜು ಹಾಕಬೇಕು.

ಇನ್ನು ನಮ್ಮ ಮಕ್ಕಳ ವಿಷಯ. ಪಿಯುಸಿ, ಡಿಗ್ರಿ ಓದುವವರಿಗೆ ಆರೋಗ್ಯದ ಉಪದೇಶ ಕೇಳಿ ಕೇಳಿ ಸಾಕಾಗಿದೆ. ಕೈಗೆ ಒಂದು ಟಾರ್ಚು, ಒಂದು ಬಿಳಿ ಬಟ್ಟಲು ಕೊಟ್ಟು ನೋಡಿ. ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯಾ ಹೆಚ್ಚಿದ್ದು ಕಟ್ಟಡಗಳು ಏಳುತ್ತಾ ಹೋದ ಹಾಗೆ. ಅಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಕೊಳಚೆ ಬೇಡ, ಶುದ್ಧ ನೀರೇ ಬೇಕು. ಮುಚ್ಚಳ ಸರಿಯಿಲ್ಲದ ಟ್ಯಾಂಕ್, ಸ್ಲ್ಯಾಬ್ ಗಟ್ಟಿಯಾಗಲು ಕಟ್ಟಿ ನಿಲ್ಲಿಸಿದ ನೀರು ಸಾಕು. ಬಿಳಿ ಬಟ್ಟಲಲ್ಲಿ ಆ ನೀರು ತೆಗೆದು ಬೆಳಕು ಬಿಡಿ. ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಸಮನಾಗಿ, ಅಡ್ಡ ಮಲಗಿದ್ದರೆ ಅನಾಫಿಲಿಸ್. ಬಾಲದ ತುದಿ ಮೇಲೆ, ತಲೆ ಕೆಳಗೆ ಮಾಡಿ ನೇತಾಡುತ್ತಿದ್ದರೆ ಅದು ಡೆಂಗಿ ಹರಡುವ ಈಡಿಸ್ ಇರಬಹುದು, ಕ್ಯೂಲೆಕ್ಸ್ ಇರಬಹುದು. ಇದನ್ನು ಒಮ್ಮೆ ನೋಡಿದ ಹುಡುಗ ಅಥವಾ ಹುಡುಗಿ ಸಂಜೆ ಮನೆಗೆ ಹೋಗಿ ಮೊದಲು ಮಾಡುವ ಕೆಲಸವೇ ಟೆರೇಸ್ ಹತ್ತುವುದು. ಅಪ್ಪನ ಕೈಯಲ್ಲಿ ಟ್ಯಾಂಕಿನ ಮುಚ್ಚಳ ಸರಿ ಮಾಡಿಸುವವರೆಗೆ ಬಿಡುವುದಿಲ್ಲ.

ಹಳ್ಳಿಯಲ್ಲಿ ಹುಡುಕುವ ಜಾಗ ಬೇರೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಕಪ್, ಬೊಂಡ ಕುಡಿದು ಎಸೆದ ಚಿಪ್ಪು, ಅಂಗಳದ ಹಳೇ ಟಯರ್. ಮಳೆಗಾಲದಲ್ಲಿ ಈಡಿಸ್ ಮೊಟ್ಟೆಯಿಡುವುದು ಅಲ್ಲೇ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಬದಿಯನ್ನು ಉಜ್ಜಬೇಕು. ಈಡಿಸ್ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಅಂಟಿಕೊಂಡು ಕೂರುತ್ತದೆ. ವಾರಕ್ಕೊಮ್ಮೆ ಮಾಡಬೇಕು, ಯಾಕೆಂದರೆ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಬಂದವರಿಗೆ ವೈದ್ಯರು ಸಾಮಾನ್ಯವಾಗಿ 14 ದಿನದ ಮಾತ್ರೆ ಕೊಡುತ್ತಾರೆ. ಮೂರು ನಾಲ್ಕು ದಿನಕ್ಕೆ ಜ್ವರ ಬಿಡುತ್ತದೆ, ಮಾತ್ರೆಯೂ ನಿಂತುಬಿಡುತ್ತದೆ. ಯಕೃತ್ತಿನಲ್ಲಿ ಅಡಗಿದ ರೋಗಾಣು ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಏಳುತ್ತದೆ. ಕಟ್ಟಡ ಕೆಲಸಕ್ಕೆ ಬಂದ ಒಬ್ಬರಿಗೆ 14ನೇ ದಿನದವರೆಗೆ ಸಂಜೆ ಫೋನ್ ಮಾಡಿ ‘ಅಣ್ಣಾ, ಇವತ್ತಿನ ಮಾತ್ರೆ ಆಯ್ತಾ?’ ಅಂತ ಕೇಳುವುದು ಒಬ್ಬ ವಿದ್ಯಾರ್ಥಿಗೆ ಎಷ್ಟು ಹೊತ್ತಿನ ಕೆಲಸ? ಅಷ್ಟರಿಂದ ಒಬ್ಬರ ಕೂಲಿ ಉಳಿಯುತ್ತದೆ, ಹತ್ತಾರು ಜನರಿಗೆ ಜ್ವರ ಹರಡುವುದು ತಪ್ಪುತ್ತದೆ.

ಹುಡುಗಿಯರಿಗೆ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಸಿಗುತ್ತದೆ. ಹೊಟ್ಟೆ ತೊಳಸುತ್ತದೆ ಅಂತ ಬಹಳ ಜನ ಬಿಸಾಡುತ್ತಾರೆ. ಊಟ ಆದ ಮೇಲೆ ತೆಗೆದುಕೊಳ್ಳಿ, ಚಹಾದ ಜೊತೆ ಬೇಡ, ಲಿಂಬೆ ಶರಬತ್ತಿನ ಜೊತೆ ಆದೀತು ಅನ್ನುವುದನ್ನು ಟೀಚರಿಗಿಂತ ಒಂದು ಕ್ಲಾಸ್ ಮೇಲಿನ ಅಕ್ಕ ಹೇಳಿದರೆ ಬೇಗ ನಾಟುತ್ತದೆ. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಅನ್ನೂ ಹರೆಯದವರು ಬೇಗ ಕಲಿಯುತ್ತಾರೆ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತುವುದು ಗೊಂಬೆಯ ಮೇಲೆ ಬೆವರು ಇಳಿಸಿಯೇ ಕಲಿಯಬೇಕಾದ್ದು. ಚಿತ್ರ ನೋಡಿ ಬರುವುದಿಲ್ಲ.

ಯುವಕ ಮಂಡಲ, ಮಹಿಳಾ ಮಂಡಲಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮೇ ತಿಂಗಳ ಒಂದು ಭಾನುವಾರವನ್ನು ಇದಕ್ಕೆ ಕೊಡಿ. ನಿಮ್ಮ ಊರಿನ ಆಶಾ ಅಕ್ಕನನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನೂ ಕರೆಯಿರಿ. ಭಾಷಣ ಬೇಡ, ಬಿಪಿ ಮೆಷಿನ್, ಅಳತೆಯ ಟೇಪ್, ಟಾರ್ಚು, ಬಿಳಿ ಬಟ್ಟಲು ತನ್ನಿ ಅಂತ ಹೇಳಿ. ಬಂದವರೆಲ್ಲ ಒಬ್ಬರ ಬಿಪಿ ಸರಿಯಾಗಿ ನೋಡಿ, ಒಂದು ತೋಟ ಸುತ್ತಿಯೇ ಮನೆಗೆ ಹೋಗಲಿ. ಯಾರು ಯಾವ ಹತ್ತು ಮನೆ ನೋಡಿಕೊಳ್ಳುವುದು ಅನ್ನುವ ಪಟ್ಟಿಯನ್ನು ಅವತ್ತೇ ಬರೆದುಬಿಡಿ.

ನಮಸ್ಕಾರ.