ನಯಾಗರದ ಮಂಜಿನ ಹುಡುಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದವರ ಫೋನಿನಲ್ಲಿ ಒಂದು ಫೋಟೊ ಸಾಮಾನ್ಯ. ಮೈತುಂಬ ನೀಲಿ ಪ್ಲಾಸ್ಟಿಕ್ ಕೋಟು, ಒದ್ದೆ ಮುಖ, ಹಿಂದೆಲ್ಲ ಬರೀ ಬಿಳಿ. ಅದು ನಯಾಗರ ಜಲಪಾತದ ಬುಡಕ್ಕೆ ಹೋಗುವ ದೋಣಿ. ಹೆಸರು 'ಮೇಡ್ ಆಫ್ ದ ಮಿಸ್ಟ್', ಅಂದರೆ ಮಂಜಿನ ಹುಡುಗಿ.

ಈ ದೋಣಿ 1846ರಲ್ಲಿ ಶುರುವಾಗಿದ್ದು ಜನರನ್ನು ನದಿ ದಾಟಿಸೋದಕ್ಕೆ. ಎರಡೇ ವರ್ಷಕ್ಕೆ ತೂಗುಸೇತುವೆ ಬಂತು. ಆಮೇಲೆ ಜಲಪಾತ ತೋರಿಸುವುದೇ ಅದರ ಕೆಲಸವಾಯಿತು. ಈಗ ಸುಮಾರು 20 ನಿಮಿಷದ ಸುತ್ತು. ಕುದುರೆ ಲಾಳದಂತೆ ಬಾಗಿದ ದೊಡ್ಡ ಜಲಪಾತದ ಮಡಿಲಿಗೆ ಹೋದಾಗ ಮೂರೂ ಕಡೆ ನೀರೇ. 50 ಮೀಟರಿಗಿಂತ ಎತ್ತರದಿಂದ ಬೀಳುತ್ತದೆ. ಪಕ್ಕದವರು ಕೂಗಿ ಮಾತಾಡಿದರೂ ಕೇಳಿಸದು. ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಒದ್ದೆ.

ಬಹಳ ಕಾಲ ಆ ದೋಣಿಯಲ್ಲಿ ಒಂದು ಕಥೆ ಹೇಳುತ್ತಿದ್ದರು. ಅಲ್ಲಿನ ಮೂಲನಿವಾಸಿಗಳು ದೇವರನ್ನು ಒಲಿಸಿಕೊಳ್ಳಲು ಚೆಂದದ ಹುಡುಗಿಯೊಬ್ಬಳನ್ನು ತೆಪ್ಪದಲ್ಲಿ ಕೂರಿಸಿ ಜಲಪಾತಕ್ಕೆ ಬಲಿ ಕೊಡುತ್ತಿದ್ದರಂತೆ. ಇದು ಶುದ್ಧ ಸುಳ್ಳು. ಕೆರೆಗೆ ಸೊಸೆಯನ್ನು ಬಲಿ ಕೊಟ್ಟ ಕಥೆ ನಮ್ಮಲ್ಲೂ ಇದೆ, ಅಲ್ವಾ? ಆದರೆ ಅದನ್ನು ಹಾಡಿಕೊಂಡು ಬಂದವರು ನಮ್ಮ ಜನವೇ. ಇದು ಹಾಗಲ್ಲ. ಹೊರಗಿನವರು ಕಟ್ಟಿ, ಆ ಜನರ ತಲೆಗೆ ಕಟ್ಟಿದ್ದು. ಅವರು ಪ್ರತಿಭಟಿಸಿದ ಮೇಲೆ, 1996ರಲ್ಲಿ, ದೋಣಿ ಕಂಪನಿ ಆ ಕಥೆ ಹೇಳುವುದನ್ನು ನಿಲ್ಲಿಸಿತು.

ಆ ನೆಲದ ಸೆನೆಕಾ ಜನ ಹೇಳುವ ಕಥೆಯೇ ಬೇರೆ. ಜಲಪಾತದ ಹಿಂದಿನ ಗುಹೆಯಲ್ಲಿ ಗುಡುಗಿನ ಒಡೆಯ ಹೇನೋ ವಾಸವಾಗಿದ್ದ. ನೊಂದ ಹೆಣ್ಣುಮಗಳೊಬ್ಬಳು ದೋಣಿ ಹತ್ತಿ ನದಿಗೆ ಇಳಿದಳು. ದೋಣಿ ಜಲಪಾತದಿಂದ ಕೆಳಗೆ ಬಿತ್ತು. ಹೇನೋ ಅವಳು ನೀರು ಮುಟ್ಟುವ ಮೊದಲೇ ಹಿಡಿದುಕೊಂಡ, ಮನೆಯಲ್ಲಿಟ್ಟುಕೊಂಡು ಕಾಪಾಡಿದ.

ಅವಳ ಊರಿನಲ್ಲಿ ಆಗ ಜನ ಸುಮ್ಸುಮ್ನೆ ಸಾಯುತ್ತಿದ್ದರು. ನೆಲದಡಿಯ ಹೆಬ್ಬಾವಿನಂಥ ಸರ್ಪವೊಂದು ನೀರಿಗೆ ವಿಷ ಬೆರೆಸಿ, ಹೂತ ಹೆಣಗಳನ್ನು ತಿನ್ನುತ್ತಿತ್ತು. ಆ ಗುಟ್ಟನ್ನು ಹೇನೋ ಅವಳಿಗೆ ತಿಳಿಸಿ ಕಳಿಸಿದ. ಅವಳ ಮಾತು ಕೇಳಿ ಊರಿಗೆ ಊರೇ ಬೇರೆ ಕಡೆ ಹೋಯಿತು. ಬೆನ್ನಟ್ಟಿ ಬಂದ ಸರ್ಪಕ್ಕೆ ಹೇನೋ ಸಿಡಿಲು ಹೊಡೆದ. ಅದರ ಹೆಣ ನದಿಯಲ್ಲಿ ತೇಲಿ ಬಂದು ಜಲಪಾತದ ಅಂಚಿಗೆ ಸಿಕ್ಕಿಕೊಂಡು ಬಾಗಿತು. ಲಾಳದ ಆಕಾರ ಬಂದದ್ದು ಹಾಗೆ ಅನ್ನುತ್ತಾರೆ.

ಇಲ್ಲಿ ಸಾಯಲು ಬಿಟ್ಟ ಹುಡುಗಿ ಇಲ್ಲ. ಊರನ್ನೇ ಉಳಿಸಿದ ಹೆಣ್ಣಿದ್ದಾಳೆ. ಬಲಿಯ ಕಥೆ ಈಗಲೂ ಅಲ್ಲಲ್ಲಿ ಓಡಾಡುತ್ತಿದೆ, ಅದೇ ನನಗೆ ಬೇಜಾರು. ನೀವು ಮೊಮ್ಮಕ್ಕಳ ಜೊತೆ ನಯಾಗರಕ್ಕೆ ಹೋದರೆ, ನೀಲಿ ಕೋಟು ಹಾಕಿಕೊಂಡು ಸಾಲಿನಲ್ಲಿ ನಿಂತಾಗಲೇ ಅವರಿಗೆ ಹೇನೋ ಕಥೆ ಹೇಳಿಬಿಡಿ. ದೋಣಿ ಜಲಪಾತದ ಹತ್ತಿರ ಹೋದ ಮೇಲೆ ನಿಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ.

ನಮಸ್ಕಾರ.