ಬೆಳೆಸಿದ ಹುಡುಗನನ್ನು ಆಡಿಸುವುದೋ, ಮಾರುವುದೋ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಬೆಳಗಾಗೆದ್ದು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವರು, ಇಲ್ಲವೇ ಮಕ್ಕಳನ್ನು ಗ್ರೌಂಡಿಗೆ ಕರೆತಂದು ಕಾಯುವ ಅಪ್ಪ-ಅಮ್ಮಂದಿರು. ಆದ್ದರಿಂದ ಉದ್ದದ ಪೀಠಿಕೆ ಬೇಡ. ನೇರವಾಗಿ ಸ್ಪೇನಿನ ಬಿಲ್ಬಾವೊಗೆ ಹೋಗೋಣ.

ಅಲ್ಲಿ ಅಥ್ಲೆಟಿಕ್ ಕ್ಲಬ್ ಅಂತ ಒಂದಿದೆ. ಹುಟ್ಟಿದ್ದು 1898ರಲ್ಲಿ. ಬಿಲ್ಬಾವೊ ಸುತ್ತಲಿನ ಬಾಸ್ಕ್ ಸೀಮೆಯಲ್ಲಿ ಹುಟ್ಟಿದವರು ಅಥವಾ ಅಲ್ಲೇ ಆಟ ಕಲಿತು ಬೆಳೆದವರು ಮಾತ್ರ ಅದರ ಪರವಾಗಿ ಆಡಬಹುದು. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆದುಬಂದ ಕಟ್ಟಳೆ ಇದು. ಬ್ರೆಜಿಲ್‌ನಿಂದ ಸ್ಟಾರ್ ತರುವಂತಿಲ್ಲ, ಆಫ್ರಿಕಾದಿಂದ ಡಿಫೆಂಡರ್ ಕೊಳ್ಳುವಂತಿಲ್ಲ. ಇಷ್ಟಾದರೂ ಸ್ಪೇನಿನ ಮೊದಲ ದರ್ಜೆಯ ಲೀಗ್‌ನಿಂದ ಒಮ್ಮೆಯೂ ಕೆಳಗಿಳಿಯದ ಕ್ಲಬ್‌ಗಳು ಮೂರೇ: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಮತ್ತೆ ಇದು.

ಇದರ ಗುಟ್ಟು ಊರಾಚೆ ಲೆಸಾಮಾ ಎಂಬಲ್ಲಿದೆ. 1971ರಿಂದ ಕ್ಲಬ್ಬಿನ ತರಬೇತಿ ನಡೆಯುವುದು ಅಲ್ಲೇ. ಒಳ್ಳೇ ಹುಲ್ಲು, ಒಳ್ಳೇ ಕೋಚ್ ದುಡ್ಡಿದ್ದರೆ ಯಾರಿಗೂ ಸಿಗುತ್ತದೆ. ನನಗೆ ಮುಖ್ಯ ಅನಿಸಿದ್ದು ಹುಡುಗರು ಮೇಲೆ ಹತ್ತುವ ಏಣಿ. ಯೂತ್ ತಂಡ ಮುಗಿದ ಮೇಲೆ ಹುಡುಗ ಬಾಸ್ಕೋನಿಯಾ ಎಂಬ ತಂಡಕ್ಕೆ ಹೋಗುತ್ತಾನೆ. ಅಲ್ಲಿಂದ ಬಿಲ್ಬಾವೊ ಅಥ್ಲೆಟಿಕ್, ಅಂದರೆ ಕ್ಲಬ್ಬಿನ ಎರಡನೇ ತಂಡ. ಈ ಎರಡೂ ತಂಡಗಳು ಸ್ಪೇನಿನ ಕೆಳಗಿನ ಲೀಗ್‌ಗಳಲ್ಲಿ ದೊಡ್ಡವರ ಎದುರೇ ಆಡುತ್ತವೆ. ಹದಿನೆಂಟರ ಹುಡುಗನಿಗೆ ಎದುರಾಗುವವನು ಮೂವತ್ತು ದಾಟಿದ, ಸಂಬಳ ನೆಚ್ಚಿಕೊಂಡು ಮನೆ ನಡೆಸುವ ಡಿಫೆಂಡರ್. ಅವನು ಸುಮ್ನೆ ಬಿಡ್ತಾನಾ? ಮೊಣಕೈ ತಾಗಿಸುತ್ತಾನೆ, ಕಾಲು ಅಡ್ಡ ಹಾಕುತ್ತಾನೆ, ಕಿವಿಯಲ್ಲಿ ಏನೋ ಗೊಣಗುತ್ತಾನೆ. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಹುಡುಗ ಕಲಿಯುವುದು ಅಲ್ಲಿ. ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್‌ಗಳ ಎರಡನೇ ತಂಡಗಳಿಗೆ ಪ್ರತ್ಯೇಕ ಲೀಗ್ ಇದೆ. ಹೆಚ್ಚುಕಮ್ಮಿ ಒಂದೇ ವಯಸ್ಸಿನವರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ಅಲ್ಲಿ ಪಾಸ್‌ಗಳು ಚೆನ್ನಾಗಿರುತ್ತವೆ, ನಿಜ. ಆದರೆ ಆ ಬಿಸಿ ತಾಗುವುದಿಲ್ಲ.

ಇನ್ಯಾಕಿ ವಿಲಿಯಮ್ಸ್ ಮತ್ತು ನಿಕೊ ವಿಲಿಯಮ್ಸ್ ಅಣ್ಣ-ತಮ್ಮ. ಅಪ್ಪ-ಅಮ್ಮ ಘಾನಾದವರು, ಸಹಾರಾ ಮರುಭೂಮಿ ದಾಟಿ ಸ್ಪೇನಿಗೆ ಬಂದವರು. ಇಬ್ಬರು ಮಕ್ಕಳೂ ಇದೇ ಏಣಿ ಹತ್ತಿದರು. 2024ರ ಏಪ್ರಿಲ್‌ನಲ್ಲಿ ಅಥ್ಲೆಟಿಕ್ ಪೆನಾಲ್ಟಿಗಳಲ್ಲಿ ಮಯೋರ್ಕಾವನ್ನು ಸೋಲಿಸಿ ಸ್ಪೇನಿನ ಕಪ್ ಟೂರ್ನಿ ಕೋಪಾ ದೆಲ್ ರೇ ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು. ಆ ಕಪ್ ಕೈಗೆ ಬಂದದ್ದು ಬರೋಬ್ಬರಿ 40 ವರ್ಷದ ಮೇಲೆ. ಆಟಗಾರರನ್ನು ಗಬಾರ್ರಾ ಎಂಬ ಸರಕಿನ ದೋಣಿಯಲ್ಲಿ ಕೂರಿಸಿ ನದಿಯುದ್ದಕ್ಕೂ ಮೆರವಣಿಗೆ ಮಾಡಿದರು. ದಡದಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಿಕೊ ಬಾರ್ಸಿಲೋನಾಕ್ಕೆ ಹೋಗೇಬಿಟ್ಟ ಅಂತ ಪೇಪರಿನವರು ಎರಡು ಬೇಸಿಗೆ ಬರೆದರು. ಅವನು 2025ರಲ್ಲಿ 2035ರವರೆಗೆ ಇದೇ ಕ್ಲಬ್ಬಿಗೆ ಸಹಿ ಹಾಕಿದ.

ಹಾಗಂತ ಅಥ್ಲೆಟಿಕ್‌ನವರೇನು ಸನ್ಯಾಸಿಗಳಲ್ಲ. 2018ರಲ್ಲಿ ಡಿಫೆಂಡರ್ ಲಪೋರ್ಟ್ 65 ಮಿಲಿಯನ್ ಯೂರೋಗೆ ಮ್ಯಾಂಚೆಸ್ಟರ್ ಸಿಟಿಗೆ ಹೋದ. ಅದೇ ವರ್ಷ ಗೋಲ್‌ಕೀಪರ್ ಕೆಪಾ 80 ಮಿಲಿಯನ್‌ಗೆ ಚೆಲ್ಸಿಗೆ ಹೋದ. ಲಪೋರ್ಟ್ ಹೋದ ಜಾಗಕ್ಕೆ ಪಕ್ಕದೂರಿನ ರಿಯಲ್ ಸೊಸಿಯೆದಾದ್‌ನಿಂದ ಇನ್ಯಿಗೋ ಮಾರ್ಟಿನೆಸ್‌ನನ್ನು 32 ಮಿಲಿಯನ್ ಕೊಟ್ಟು ಕರೆತಂದರು. ನೆರೆಯ ಕ್ಲಬ್‌ಗಳಿಗೆ ಇದರಿಂದ ಹೊಟ್ಟೆ ಉರಿಯದೇ ಇರುತ್ತಾ? ನಿಕೊ ಕೂಡ ಚಿಕ್ಕವನಿದ್ದಾಗ ಒಸಾಸುನಾ ಎಂಬ ನೆರೆಯ ಕ್ಲಬ್ಬಿನಲ್ಲಿ ಕಲಿತವನೇ. ಸಾಕಿದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಲೆಕ್ಕದ ಪುಸ್ತಕ ತೆಗೆಯೋಣ. ಒಂದು ಕ್ಲಬ್ 50 ಕೋಟಿ ಕೊಟ್ಟು ಆಟಗಾರನನ್ನು ಕೊಂಡಿತು, ಐದು ವರ್ಷದ ಕರಾರು ಅಂತಿಟ್ಟುಕೊಳ್ಳಿ. ಲೆಕ್ಕದಲ್ಲಿ ವರ್ಷಕ್ಕೆ 10 ಕೋಟಿಯಂತೆ ಖರ್ಚು ಬರೆಯುತ್ತಾರೆ. ಎರಡು ವರ್ಷದ ಮೇಲೆ ಅವನ ಹೆಸರಲ್ಲಿ 30 ಕೋಟಿ ಉಳಿದಿರುತ್ತದೆ. ಆಗ 30 ಕೋಟಿಗೆ ಮಾರಿದರೆ ಲಾಭ ಸೊನ್ನೆ. ಅದೇ ಸ್ವಂತ ಅಕಾಡೆಮಿಯ ಹುಡುಗನನ್ನು 30 ಕೋಟಿಗೆ ಮಾರಿದರೆ? ಅವನನ್ನು ಕೊಂಡೇ ಇಲ್ಲವಲ್ಲ, ಹಾಗಾಗಿ ಇಡೀ 30 ಕೋಟಿ ಲಾಭ! ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ 105 ಮಿಲಿಯನ್ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸುವಂತಿಲ್ಲ ಎಂಬ ನಿಯಮ ತಂದರು. ದುಂದುವೆಚ್ಚ ತಡೆಯಲು ತಂದ ನಿಯಮ. ಆದದ್ದೇನು? ಲೆಕ್ಕ ಸರಿದೂಗಿಸಲು ಮನೆಯ ಹುಡುಗರನ್ನೇ ಮೊದಲು ಮಾರುವ ಆಸೆ ಹುಟ್ಟಿತು. ಚೆಲ್ಸಿ 2023ರಲ್ಲಿ ಮೇಸನ್ ಮೌಂಟ್‌ನನ್ನು, 2024ರಲ್ಲಿ ಕಾನರ್ ಗಲಾಘರ್‌ನನ್ನು ಮಾರಿತು. ಇಬ್ಬರೂ ಚಿಕ್ಕಂದಿನಿಂದ ಅಲ್ಲೇ ಬೆಳೆದವರು. ಅಕೌಂಟೆಂಟ್ ಕಣ್ಣಿಗೆ ಇದು ಜಾಣತನ. ನನಗಂತೂ ಬಿತ್ತನೆ ಕಾಳು ಮಾರಿ ಹಬ್ಬ ಮಾಡಿದ ಹಾಗೆ ಕಾಣುತ್ತದೆ.

ಎಳೆಯರಿಗೆ ಖರ್ಚು ಮಾಡಿದ್ದು ದಕ್ಕಿತೋ ಇಲ್ಲವೋ ಎಂಬುದನ್ನು ಮಾರಿದ ಬೆಲೆಯಲ್ಲಿ ಅಳೆಯಬೇಡಿ ಅನ್ನುವುದೇ ನನ್ನ ವಾದ. ದೊಡ್ಡ ತಂಡದಲ್ಲಿ ಅವನಿಗೆ ಎಷ್ಟು ನಿಮಿಷ ಆಟ ಸಿಕ್ಕಿತು? ಅದನ್ನು ನೋಡಿ. ಎಷ್ಟೋ ಕ್ಲಬ್‌ಗಳಲ್ಲಿ ಅಕಾಡೆಮಿ ಭರ್ಜರಿಯಾಗಿರುತ್ತದೆ, ಆದರೆ ಮೇಲಿನ ತಂಡದ ಬಾಗಿಲಿಗೆ ಬೀಗ. ನಾಲ್ಕು ಮ್ಯಾಚ್ ಸೋತರೆ ಕೋಚ್ ಕೆಲಸ ಹೋಗುತ್ತೆ. ಅವನು ಹೊಸ ಹುಡುಗನನ್ನು ಯಾಕೆ ಇಳಿಸುತ್ತಾನೆ ಹೇಳಿ? ಅಥ್ಲೆಟಿಕ್‌ನ ಕೋಚ್‌ಗೆ ಬೇರೆ ದಾರಿಯೇ ಇಲ್ಲ. ಆ ಕಟ್ಟಳೆ ಅವನಿಗೆ ತಾಳ್ಮೆ ಕಲಿಸುತ್ತದೆ.

ಇನ್ನು, ಮೇಲೆ ಹತ್ತದವರ ವಿಷಯ. ಅಕಾಡೆಮಿಗೆ ಸೇರಿದ ಬಹುಪಾಲು ಹುಡುಗರು ಪ್ರೊಫೆಷನಲ್ ಆಗುವುದಿಲ್ಲ. ಹತ್ತು ವರ್ಷ ಒಂದೇ ಕನಸು ಕಂಡವನಿಗೆ ಹದಿನೆಂಟಕ್ಕೆ 'ನಾಳೆಯಿಂದ ಬರಬೇಡ' ಅಂದರೆ ಅವನು ಏನು ಮಾಡಬೇಕು? ಇಂಗ್ಲೆಂಡಿನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ 2022ರಲ್ಲಿ ಒಂದು ವ್ಯವಸ್ಥೆ ತಂದಿತು. ಅಕಾಡೆಮಿಯಿಂದ ಕೈಬಿಟ್ಟ ಹುಡುಗರ ಓದು, ಕೆಲಸ, ಮನಸ್ಸಿನ ನೆಮ್ಮದಿಗೆ ಮೂರು ವರ್ಷ ಕ್ಲಬ್ಬೇ ಬೆನ್ನಿಗೆ ನಿಲ್ಲುವುದು. ಇದು ಅಪರೂಪದ ಕೆಲಸ ಅನಿಸಿಕೊಳ್ಳಬಾರದಿತ್ತು.

ಕೊನೆಗೆ ನಮ್ಮೂರು. ಬೆಂಗಳೂರು ಎಫ್‌ಸಿ ಶುರುವಾದದ್ದು 2013ರಲ್ಲಿ. ಅದರ ಯುವ ತಂಡ 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಆವೃತ್ತಿಯನ್ನೇ ಗೆದ್ದಿತು. ಸಂತೋಷ. ಆದರೆ ಅಂಥ ತಂಡಕ್ಕೆ ಬರುವ ಹುಡುಗ ಅದಕ್ಕೂ ಮೊದಲು ನಿಮ್ಮಂಥ ಸಣ್ಣ ಕ್ಲಬ್ಬಿನಲ್ಲಿ ಆಡಿರುತ್ತಾನೆ. ಸಾಕಿದವರಿಗೆ ಏನು ಸಿಗುತ್ತೆ ಅಂದೆನಲ್ಲ, ಕೇಳಿ. ಒಬ್ಬ ಆಟಗಾರ ಕರಾರಿನ ನಡುವೆ ದುಡ್ಡಿಗೆ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋದರೆ, ಆ ಮೊತ್ತದ ಶೇ. 5ರಷ್ಟು ಅವನಿಗೆ 12ರಿಂದ 23 ವರ್ಷದವರೆಗೆ ಕಲಿಸಿದ ಕ್ಲಬ್‌ಗಳಿಗೆ ಹಂಚಬೇಕು. ಇದು ಫಿಫಾ ನಿಯಮ. 100 ಕೋಟಿಯ ವ್ಯವಹಾರವಾದರೆ, 12ರಿಂದ 15ರ ವಯಸ್ಸಿನಲ್ಲಿ ಕಲಿಸಿದ ಕ್ಲಬ್ಬಿಗೆ ವರ್ಷಕ್ಕೆ 25 ಲಕ್ಷ. 16ರ ನಂತರವಾದರೆ ವರ್ಷಕ್ಕೆ 50 ಲಕ್ಷ. ಲಂಡನ್ನಿನ ಕ್ಲಬ್ಬಾದರೂ ಒಂದೇ, ಗಲ್ಲಿಯ ಕ್ಲಬ್ಬಾದರೂ ಒಂದೇ.

ನಮ್ಮ ಹುಡುಗ ಅಂಥ ಬೆಲೆಗೆ ಯಾವಾಗ ಹೋಗೋದು ಅಂತ ನಗಬೇಡಿ. ಹಣ ಹಂಚುವವರು ನೋಡುವುದು ಹುಡುಗ ಯಾವ ವರ್ಷ ಯಾವ ಕ್ಲಬ್ಬಿನಲ್ಲಿ ನೋಂದಣಿಯಾಗಿದ್ದ ಎಂಬ ದಾಖಲೆಯನ್ನು. 'ನಾನೇ ಸಾರ್ ಅವನಿಗೆ ಕಲಿಸಿದ್ದು' ಅಂದರೆ ಯಾರೂ ಕೇಳಲ್ಲ. ಹನ್ನೆರಡು ತುಂಬಿದ ಪ್ರತಿ ಹುಡುಗನ ನೋಂದಣಿ ಈ ಸೀಸನ್ನಿನಿಂದಲೇ ಮಾಡಿಸಿ. ಅದಕ್ಕೆ ಏನೇನು ಕಾಗದ ಬೇಕು ಅಂತ ಕೇಳುವವರಿದ್ದರೆ ಈಗ ಕೈ ಎತ್ತಿ, ಒಬ್ಬೊಬ್ಬರಾಗಿ ಮಾತಾಡೋಣ.