ಜಿಪ್ ಅನ್ನುವ ಸದ್ದು

ಕೇಳುಗರೇ, ನಮಸ್ಕಾರ.

ಬ್ಯಾಗಿನ ಜಿಪ್ಪನ್ನು ನಮ್ಮಲ್ಲಿ ಎಷ್ಟೋ ಜನ ಚೈನ್ ಅನ್ನುತ್ತಾರೆ. ‘ಚೈನ್ ಕಿತ್ತುಹೋಗಿದೆ, ಹಾಕಿಸಿಕೊಂಡು ಬಾ’ ಅಂತೀವಿ, ಅಲ್ವಾ? ಸಾಲಾಗಿ ಕೂತ ಹಲ್ಲುಗಳು ಸರಪಳಿಯ ಹಾಗೆ ಕಂಡವು, ಚೈನ್ ಅಂದೆವು. ಅದು ಕಣ್ಣು ಇಟ್ಟ ಹೆಸರು. ಜಿಪ್ ಅನ್ನುವುದು ಕಿವಿ ಇಟ್ಟ ಹೆಸರು. ಇವತ್ತು ನಾನು ಹೇಳುವುದು ಇದೊಂದನ್ನೇ.

ಯಾವ ಪದ ಸಿಕ್ಕರೂ ಲ್ಯಾಟಿನ್, ಗ್ರೀಕ್, ಸಂಸ್ಕೃತ ಅಂತ ಧಾತು ಹುಡುಕಲು ಹೊರಡುವವರಿದ್ದಾರೆ. ಇಲ್ಲಿ ದಯವಿಟ್ಟು ಅದು ಬೇಡ. ಜಿಪ್ ಎಂಬ ಇಂಗ್ಲಿಷ್ ಕ್ರಿಯಾಪದ 19ನೇ ಶತಮಾನದ್ದು. ಆಗ ಅದಕ್ಕೂ ಬಟ್ಟೆಗೂ ಸಂಬಂಧವೇ ಇರಲಿಲ್ಲ. ಬಂದೂಕಿನ ಗುಂಡು ಪಕ್ಕದಲ್ಲೇ ಹಾದುಹೋದಾಗ ಕೇಳುವ ಸದ್ದು ಅದು. ನಾವು ‘ಸುಯ್ಯನೆ ಹೋಯಿತು’ ಅನ್ನುವುದಿಲ್ಲವೇ, ಹಾಗೆ. ಸದ್ದು ಮೊದಲು. ‘ವೇಗವಾಗಿ ಹೋಗು’ ಎಂಬ ಅರ್ಥ ಅದರ ಬೆನ್ನಿಗೆ ಬಂತು.

ಈಗ ನನಗೆ ತುಂಬಾ ಇಷ್ಟವಾದ ಕಥೆ. 1893ರಲ್ಲಿ ಅಮೆರಿಕದ ವಿಟ್‌ಕೋಂಬ್ ಜಡ್ಸನ್ ಎಂಬಾತ ಬೂಟಿಗೆಂದು ಕೊಕ್ಕೆಗಳ ಒಂದು ಬೀಗಕ್ಕೆ ಪೇಟೆಂಟ್ ಪಡೆದ. ಅದು ಸರಿಯಾಗಿ ನಿಲ್ಲುತ್ತಿರಲಿಲ್ಲ, ಬಿಚ್ಚಿಕೊಳ್ಳುತ್ತಿತ್ತು. ಸ್ವೀಡನ್ನಿನಿಂದ ಬಂದ ಎಂಜಿನಿಯರ್ ಗಿಡಿಯನ್ ಸುಂಡ್‌ಬ್ಯಾಕ್ ಕೊಕ್ಕೆಗಳನ್ನು ತೆಗೆದುಹಾಕಿದ. ಪುಟ್ಟ ಹಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿದ. 1917ರಲ್ಲಿ ಅವನಿಗೂ ಪೇಟೆಂಟ್ ಸಿಕ್ಕಿತು. ನಾವು ಇವತ್ತು ಎಳೆಯುವ ಜಿಪ್ ಹೆಚ್ಚುಕಡಿಮೆ ಅದೇ. ಆದರೆ ಜಿಪ್ ಎಂಬ ಹೆಸರು ಆಗ ಇರಲೇ ಇಲ್ಲ! ಆ ಪೇಟೆಂಟಿನಲ್ಲಿ ಅದು ಬರೀ ‘ಬಿಚ್ಚಬಹುದಾದ ಬಂಧಕ’.

1923ರಲ್ಲಿ ಗುಡ್‌ರಿಚ್ ಕಂಪನಿ ಇದನ್ನು ರಬ್ಬರ್ ಬೂಟಿಗೆ ಹಾಕಿತು. ಬೂಟಿಗೆ ಮೊದಲು ಇಟ್ಟಿದ್ದ ಹೆಸರು ಮಿಸ್ಟಿಕ್. ಕಂಪನಿಯ ಅಧ್ಯಕ್ಷ ಬರ್ಟ್ರಮ್ ವರ್ಕ್‌ಗೆ ಅದು ಹಿಡಿಸಲಿಲ್ಲ. ಎಳೆದಾಗ ಆಗುವ ಕೆಲಸ ಹೆಸರಿನಲ್ಲೇ ಕೇಳಿಸಬೇಕು ಎಂಬುದು ಅವನ ಆಸೆ. ಎಳೆದರೆ ಏನು ಕೇಳಿಸುತ್ತದೆ? ಜಿಪ್! ಬೂಟಿಗೆ ‘ಜಿಪ್ಪರ್’ ಎಂದು ಹೆಸರಿಟ್ಟರು. ಗಮನಿಸಿ, ಅದು ಬೂಟಿನ ಹೆಸರು. ಜನ ಅದನ್ನು ಬೂಟಿನಿಂದ ಕಿತ್ತು ಹಲ್ಲುಪಟ್ಟಿಗೆ ಅಂಟಿಸಿಬಿಟ್ಟರು. ಆಮೇಲೆ ಆ ಪಟ್ಟಿ ಎಳೆಯುವುದಕ್ಕೂ ‘ಜಿಪ್ ಮಾಡು’ ಎಂಬ ಹೊಸ ಕ್ರಿಯಾಪದ ಹುಟ್ಟಿತು. ಗುಂಡಿನ ಸದ್ದು ಜಾಕೆಟ್ಟಿಗೆ ಬಂದದ್ದು ಹೀಗೆ. ದಾರಿಯುದ್ದಕ್ಕೂ ಕೆಲಸ ಮಾಡಿದ್ದು ಕಿವಿ.

ಇದು ನಮಗೆ ಹೊಸದಲ್ಲ. ಹಾವು ಬುಸ್ ಅನ್ನುತ್ತದೆ, ನಾವು ಬುಸುಗುಟ್ಟು ಅಂದೆವು. ಪಿಸಪಿಸ ಕೇಳಿಸಿತು, ಪಿಸುಗುಟ್ಟು ಆಯಿತು. ಇಂಥ ಸದ್ದಿನ ಪದಗಳನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿ ಸುಮ್ನೆ ಮರೆತುಬಿಡುತ್ತೇವೆ. ಅದು ನನಗೆ ಬೇಸರ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಂಪ್ಯೂಟರಿನ ಜಿಪ್ ಫೈಲ್ 1989ರದ್ದು, ಅಮೆರಿಕದ ಪ್ರೋಗ್ರಾಮರ್ ಫಿಲ್ ಕಾಟ್ಜ್ ತಂದದ್ದು. ಅಲ್ಲಿ ಹೆಸರು ವೇಗಕ್ಕಾಗಿ, ಬಟ್ಟೆಯ ಜಿಪ್ಪಿಗಾಗಿ ಅಲ್ಲ. 1963ರಲ್ಲಿ ಅಮೆರಿಕದ ಅಂಚೆಗೆ ಬಂದ ಜಿಪ್ ಕೋಡ್‌ನಲ್ಲಿ ‘ಜಿಪ್’ ಎಂಬುದು ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ. ಆದರೂ ಕಾಗದ ಬೇಗ ಹೋಗುತ್ತದೆ ಅನ್ನಿಸಲೆಂದೇ ಆ ಹೆಸರು ಆರಿಸಿದರು. ನಮ್ಮಲ್ಲಿ 1972ರಲ್ಲಿ ಬಂದ ಪಿನ್ ಕೋಡಿನಲ್ಲಿ ಮೊದಲಕ್ಷರಗಳು ಮಾತ್ರ ಇವೆ, ಸದ್ದಿಲ್ಲ.

ನಮಸ್ಕಾರ.